ಗಾಳ ಹಿಡಿದು ಕಡಲಿಗೆ: ಕರಾವಳಿಯಲ್ಲಿ ಬಾಡಿಗೆ ದೋಣಿ ಗೊತ್ತುಮಾಡುವ ಬಗೆ

ಘಟ್ಟದ ಮೇಲಿನಿಂದ ಕಡಲ ಗಾಳದ ಆಸೆ ಹೊತ್ತು ಬರುವವರು ದೋಣಿಯವರಿಗೆ ಫೋನು ಮಾಡಿದಾಗ ಮೊದಲು ಕೇಳುವುದು ಬಾಡಿಗೆ ಎಷ್ಟು ಎಂದು. ಎರಡನೆಯದಾಗಿ, ಅಂಜಲ್ ಮೀನು (ಸುರ್ಮಾಯಿ) ಸಿಗುತ್ತದೆಯೇ ಎಂದು. ಅನುಭವವುಳ್ಳ ತಾಂಡೇಲ, ಅಂದರೆ ದೋಣಿ ನಡೆಸುವವ, ಈ ಎರಡಕ್ಕೂ ಉತ್ತರ ಹೇಳುವ ಮುನ್ನ ತಿರುಗಿ ಕೇಳುವುದು ಒಂದೇ ಪ್ರಶ್ನೆ: ಯಾವ ದಿನ ಬರುತ್ತೀರಿ? ಆ ಪ್ರಶ್ನೆಯನ್ನು ಕೇಳದೆಯೇ ಮುಂಗಡ ಹಣದ ಮಾತೆತ್ತುವ ದೋಣಿಯನ್ನು ಅಲ್ಲಿಗೇ ಬಿಟ್ಟುಬಿಡುವುದು ಒಳಿತು. ಕಡಲ ಗಾಳದಲ್ಲಿ ಮೊದಲು ಆರಿಸಬೇಕಾದದ್ದು ದಿನವನ್ನು, ಆಮೇಲೆ ತಾಂಡೇಲನನ್ನು, ಆನಂತರ ದೋಣಿಯನ್ನು. ಮೀನಿನ ವಿಚಾರ ಬರುವುದು ಕೊನೆಗೆ. ಮಂಗಳೂರಿನಿಂದ ಕಾರವಾರದವರೆಗಿನ ಸುಮಾರು 320 ಕಿ.ಮೀ. ಕರಾವಳಿಯನ್ನು ಗಮನದಲ್ಲಿಟ್ಟುಕೊಂಡು ಈ ಲೇಖನದಲ್ಲಿ ಹೆಚ್ಚುಕಡಿಮೆ ಅದೇ ಕ್ರಮವನ್ನು ಅನುಸರಿಸಿದ್ದೇನೆ.

ಕಾಲವನ್ನು ಆರಿಸುವುದು

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಸಾಂಪ್ರದಾಯಿಕ ನಾಡದೋಣಿಗಳಿಗೆ ಇದರಿಂದ ವಿನಾಯಿತಿ ಇದೆಯಾದರೂ, ಆ ವಿನಾಯಿತಿ ಹೊಟ್ಟೆಪಾಡಿಗಾಗಿ ಕಡಲಿಗಿಳಿಯುವವರಿಗೆ ನೀಡಿದ್ದೇ ಹೊರತು ಹವ್ಯಾಸಿಗಳಿಗಾಗಿ ಅಲ್ಲ. ಮಳೆಗಾಲದ ಕಡಲು ಎಂತಹದೆಂದು ದಂಡೆಯ ಮೇಲೆ ನಿಂತು ಒಮ್ಮೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗಸ್ಟ್‌ನಲ್ಲಿ ನಿಷೇಧ ಮುಗಿದರೂ ಕಡಲು ಕೂಡಲೇ ಶಾಂತವಾಗುವುದಿಲ್ಲ. ನೂಲ ಹುಣ್ಣಿಮೆಯ ಹೊತ್ತಿಗೆ ಸಮುದ್ರಪೂಜೆ ಮಾಡಿ, ತೆಂಗಿನಕಾಯಿ ಅರ್ಪಿಸಿದ ಮೇಲಷ್ಟೇ ದೋಣಿ ಇಳಿಸುವ ರೂಢಿ ಕರಾವಳಿಯಲ್ಲಿ ಬೆಳೆದುಬಂದದ್ದು ಬರಿಯ ನಂಬಿಕೆಯಿಂದ ಎಂದು ನಾನು ಭಾವಿಸುವುದಿಲ್ಲ.

ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಮೀನು ಚುರುಕಾಗಿರುತ್ತದೆ, ಆದರೆ ನದಿಗಳ ಕೆಂಪು ನೀರು ಇನ್ನೂ ಕಡಲಿಗೆ ಸುರಿಯುತ್ತಿರುವುದರಿಂದ ದಂಡೆಯ ಸಮೀಪ ನೀರು ಕದಡಿರುತ್ತದೆ. ಗಾಳಕ್ಕೆ ಕಟ್ಟಿದ ಕೃತಕ ಮೀನನ್ನು ಕಣ್ಣಿನಿಂದ ಕಂಡು ಬೆನ್ನಟ್ಟುವ ಅಂಜಲ್, ಕೊಕ್ಕರ್‌ನಂತಹ ಮೀನುಗಳಿಗೆ ತಿಳಿನೀರು ಬೇಕು. ಅಲ್ಲದೆ, ಅಕ್ಟೋಬರ್ ಮತ್ತು ನವೆಂಬರ್ ಅರಬ್ಬೀ ಸಮುದ್ರದಲ್ಲಿ ತೂಫಾನು ಏಳುವ ತಿಂಗಳುಗಳೂ ಹೌದು. 2017ರ ನವೆಂಬರ್ ಕೊನೆಯಲ್ಲಿ ಬಂದ ಒಖಿ, 2019ರ ಅಕ್ಟೋಬರ್‌ನಲ್ಲಿ ಬಂದ ಕ್ಯಾರ್ ಇಲ್ಲಿನವರಿಗೆ ಇನ್ನೂ ನೆನಪಿವೆ. ಮೊದಲ ಸಲ ಕಡಲಿಗಿಳಿಯುವವರಿಗೆ ನನ್ನ ಆಯ್ಕೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ. ಈ ತಿಂಗಳುಗಳಲ್ಲಿ ಬೆಳಗಿನ ಜಾವ ನೆಲದ ಕಡೆಯಿಂದ ತೆಳುವಾದ ಗಾಳಿ ಬೀಸುತ್ತಿದ್ದು, ಕಡಲು ಬಹುಪಾಲು ಚಪ್ಪಟೆಯಾಗಿರುತ್ತದೆ. ಬಿಸಿಲೇರಿದಂತೆ ನೆಲ ಕಾದು, ಮಧ್ಯಾಹ್ನದ ವೇಳೆಗೆ ವಾಯವ್ಯದಿಂದ ಕಡಲ ಗಾಳಿ ಎದ್ದು, ಅಲೆಯ ನೆತ್ತಿಯಲ್ಲಿ ಬಿಳಿ ನೊರೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಕತ್ತಲಿರುವಾಗಲೇ ಹೊರಟು ಮಧ್ಯಾಹ್ನ ಒಂದು ಗಂಟೆಯೊಳಗೆ ದಂಡೆ ಸೇರುವಂತೆ ಯೋಜಿಸಬೇಕು. ‘ಹತ್ತು ಗಂಟೆಗೆ ತಿಂಡಿ ತಿಂದು ಹೊರಡೋಣ’ ಎನ್ನುವ ಗುಂಪಿಗೆ ಸಿಗುವುದು ಬಹುತೇಕ ವಾಂತಿ ಮಾತ್ರ.

ಮಾರ್ಚ್ ಕಳೆದ ಮೇಲೆ ಬಿಸಿಲಿನ ಜೊತೆಗೆ ಇನ್ನೊಂದು ಅಪಾಯವಿದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಹಲವು ದಿನ ಪ್ರಯಾಣಿಸಿ ನಮ್ಮ ದಂಡೆಗೆ ತಲಪುವಾಗ, ಇಲ್ಲಿ ಗಾಳಿಯೇ ಇಲ್ಲದಿದ್ದರೂ ಕಡಲು ಉಬ್ಬುತ್ತದೆ. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು ಎಂಬುದು ಅದರ ಅರ್ಥ. ಆಕಾಶ ಶುಭ್ರವಾಗಿದೆ, ಎಲೆ ಅಲುಗುತ್ತಿಲ್ಲ ಎಂಬುದನ್ನಷ್ಟೇ ನೋಡಿ ಹೊರಡಬಾರದೆಂಬುದಕ್ಕೆ ಇದೇ ಕಾರಣ.

ತಿಂಗಳು ಗೊತ್ತಾದ ಮೇಲೆ ತಿಥಿಯನ್ನೂ ನೋಡಬೇಕು. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರವಿಳಿತದ ಅಂತರ ಹೆಚ್ಚಿರುವುದರಿಂದ ನೀರಿನ ಸೆಳೆತ ಜೋರಾಗಿರುತ್ತದೆ. ಅಷ್ಟಮಿಯ ಹೊತ್ತಿಗೆ ಅದು ಮಂದವಾಗುತ್ತದೆ. ನದಿ ಕಡಲು ಸೇರುವ ಅಳಿವೆಯಲ್ಲಿ ಸೀಬಾಸ್, ಅಂದರೆ ಕೊಂಕಣಿಗರ ಚೊಣಕ್, ಹಿಡಿಯುವ ಆಸೆಯಿದ್ದರೆ ಸೆಳೆತವಿರುವ ದಿನಗಳು ಬೇಕು. ಕಡಲೊಳಗೆ ಮುಳುಗಿದ ಕಲ್ಲುಗಳ ಮೇಲೆ ತಳದ ಮೀನಿಗೆ ಗಾಳ ಬಿಡುವುದಾದರೆ ಸೆಳೆತ ಕಡಿಮೆಯಿರುವ ದಿನಗಳೇ ಅನುಕೂಲ, ಏಕೆಂದರೆ ಸೆಳೆತ ಹೆಚ್ಚಿದಾಗ ಗಾಳ ತಳ ಮುಟ್ಟುವುದೇ ಇಲ್ಲ.

ಎಲ್ಲಿಂದ ಹೊರಡಬೇಕು

ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಮುರುಡೇಶ್ವರ, ಹೊನ್ನಾವರ, ತದಡಿ, ಕಾರವಾರ ಈ ಎಲ್ಲ ಕಡೆಗಳಲ್ಲೂ ದೋಣಿಗಳಿವೆ, ಆದರೆ ಎಲ್ಲ ಕಡೆಯ ಕಡಲೂ ಒಂದೇ ಬಗೆಯದಲ್ಲ. ನಮ್ಮ ಕರಾವಳಿಯ ತಳ ಬಹಳ ನಿಧಾನವಾಗಿ ಇಳಿಯುತ್ತದೆ; ಆಳ ಬೇಕೆಂದರೆ ದೂರ ಹೋಗಲೇಬೇಕು. ಹಾಗಾಗಿ ಬರಿಯ ಮರಳು ಮತ್ತು ಕೆಸರಿನ ತಳದ ಮೇಲೆ ಅಲೆಯುವುದಕ್ಕಿಂತ, ಮೀನುಗಾರರು ‘ಕಲ್ಲು’ ಎಂದು ಕರೆಯುವ ಮುಳುಗಿದ ಬಂಡೆಗಳಿರುವ ಜಾಗಕ್ಕೆ ಹೋಗುವುದು ಮುಖ್ಯ. ಮುರು, ಕೆಂಬೇರಿ, ಕೊಕ್ಕರ್ ಇವು ಕಲ್ಲಿನ ಆಸರೆಯಲ್ಲಿರುವ ಮೀನುಗಳು. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಗಳ ಸುತ್ತ, ಕಾಪುವಿನ ಎದುರಿನ ಬಂಡೆಗಳ ಸುತ್ತ ಇಂತಹ ತಳವಿದೆ. ಯಾವ ಕಲ್ಲು ಎಷ್ಟು ಮಾರು ಆಳದಲ್ಲಿದೆ ಎಂಬುದು ತಾಂಡೇಲರ ಬಾಯಲ್ಲಿ ಮಾತ್ರ ಸಿಗುವ ಲೆಕ್ಕ. ಒಂದು ಮಾರು ಎಂದರೆ ಚಾಚಿದ ಎರಡು ತೋಳುಗಳ ಉದ್ದ, ಸುಮಾರು ಆರು ಅಡಿ. ತಾಂಡೇಲ ‘ಹದಿನೈದು ಮಾರು’ ಎಂದರೆ 27 ಮೀಟರಿನಷ್ಟು ಆಳವೆಂದು ತಿಳಿದು ಅದಕ್ಕೆ ತಕ್ಕ ಭಾರದ ಗಾಳ ಆರಿಸಿಕೊಳ್ಳಬಹುದು.

ಕೆಲವು ಕಡೆ ಹೋಗಬಾರದು ಅಥವಾ ಅನುಮತಿಯಿಲ್ಲದೆ ಹೋಗಬಾರದು. ಕಾರವಾರದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆಯಿದೆ. ಅದರ ವ್ಯಾಪ್ತಿಯ ನೀರಿನಲ್ಲಿ ಗಾಳ ಹಾಕುವ ಯೋಚನೆಯನ್ನೇ ಮಾಡಬಾರದು. ಮುರುಡೇಶ್ವರದಿಂದ ಹೋಗುವ ನೇತ್ರಾಣಿ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಾ ಬಂದಿದ್ದು, ಅದರ ಸುತ್ತ ಹವಳ ಮತ್ತು ಡೈವಿಂಗ್ ಚಟುವಟಿಕೆಯೂ ಇರುವುದರಿಂದ, ಅಲ್ಲಿಗೆ ಕರೆದೊಯ್ಯುತ್ತೇನೆಂದು ಯಾರಾದರೂ ಹೇಳಿದರೆ ಅವರ ಮಾತೊಂದನ್ನೇ ನಂಬದೆ ಕರಾವಳಿ ಕಾವಲು ಪೊಲೀಸರಲ್ಲಿ ವಿಚಾರಿಸುವುದು ಒಳ್ಳೆಯದು. ಬಂದರಿನ ಹಡಗು ಮಾರ್ಗಗಳೂ ಹಾಗೆಯೇ.

ಇನ್ನು ಅಳಿವೆಯ ಮಾತು. ಇಲ್ಲಿನ ಬಹುತೇಕ ಬಂದರುಗಳು ನದಿಯ ಒಳಗಿವೆ: ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಫಲ್ಗುಣಿ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ, ಹೊನ್ನಾವರದಲ್ಲಿ ಶರಾವತಿ, ತದಡಿಯಲ್ಲಿ ಅಘನಾಶಿನಿ. ಕಡಲಿಗೆ ಹೋಗಬೇಕಾದರೆ ಅಳಿವೆ ಬಾಗಿಲನ್ನು ದಾಟಲೇಬೇಕು, ಮತ್ತು ಇಡೀ ಪ್ರವಾಸದಲ್ಲಿ ಅತ್ಯಂತ ಅಪಾಯಕಾರಿಯಾದ ಹತ್ತು ನಿಮಿಷಗಳು ಅವೇ. ಅಲ್ಲಿ ಮರಳು ತುಂಬಿಕೊಂಡು ಆಳ ಕಡಿಮೆಯಾಗಿರುತ್ತದೆ. ಇಳಿತದ ವೇಳೆ ನದಿಯ ನೀರು ರಭಸದಿಂದ ಹೊರಗೆ ಹರಿಯುವಾಗ, ಎದುರಿನಿಂದ ಬರುವ ಅಲೆ ಅದಕ್ಕೆ ಡಿಕ್ಕಿಯಾಗಿ ಕಡಿದಾಗಿ ಎದ್ದು ಒಡೆಯುತ್ತದೆ. ದೋಣಿಗಳು ಮಗುಚುವುದು ನಡುಗಡಲಿಗಿಂತ ಹೆಚ್ಚಾಗಿ ಇಂತಹ ಜಾಗದಲ್ಲಿ. ಹೊರಡುವ ಹೊತ್ತಿನಲ್ಲಿ ಮತ್ತು ಮರಳುವ ಹೊತ್ತಿನಲ್ಲಿ ನೀರು ಏರುತ್ತಿರುತ್ತದೆಯೋ ಇಳಿಯುತ್ತಿರುತ್ತದೆಯೋ ಎಂದು ತಾಂಡೇಲನನ್ನು ಕೇಳಿ. ಈ ಪ್ರಶ್ನೆಗೆ ಆತ ಕೊಡುವ ಉತ್ತರದಿಂದ ಆತನ ಅನುಭವವೂ ತಿಳಿದುಬರುತ್ತದೆ.

ದೋಣಿ ಮತ್ತು ತಾಂಡೇಲ

ಸಿಗುವ ದೋಣಿಗಳು ಸ್ಥೂಲವಾಗಿ ಎರಡು ಬಗೆಯವು. ಮೊದಲನೆಯದು ಹೊರ ಎಂಜಿನ್ ಕಟ್ಟಿದ ಫೈಬರ್ ದೋಣಿ: ವೇಗವಾಗಿ ಹೋಗುತ್ತದೆ, ಕಲ್ಲಿನ ಮೇಲೆ ಸುಲಭವಾಗಿ ತಿರುಗುತ್ತದೆ, ಆದರೆ ನೆರಳಿರುವುದಿಲ್ಲ, ಅಲೆಗೆ ಕುಲುಕುತ್ತದೆ. ಎರಡನೆಯದು ಒಳ ಎಂಜಿನ್‌ನ ದೊಡ್ಡ ದೋಣಿ: ನಿಧಾನ, ಆದರೆ ಸ್ಥಿರ, ಮೈ ಚೆಲ್ಲಲು ಒಂದಿಷ್ಟು ನೆರಳೂ ಇರುತ್ತದೆ. ವೇಗದ ಲೆಕ್ಕ ಹೀಗಿದೆ: ದಂಡೆಯಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿ.ಮೀ. ದೂರದ ಕಲ್ಲಿಗೆ ಹೋಗಲು 20 ನಾಟ್ (ಗಂಟೆಗೆ 20 ನಾಟಿಕಲ್ ಮೈಲು) ವೇಗದ ದೋಣಿಗೆ 36 ನಿಮಿಷ ಸಾಕು. 7 ನಾಟ್ ವೇಗದ ದೋಣಿಗೆ ಒಂದು ಗಂಟೆ ನಲವತ್ತು ನಿಮಿಷಕ್ಕೂ ಹೆಚ್ಚು ಬೇಕು. ಹೋಗಿ ಬರುವುದಕ್ಕೇ ಮೂರೂವರೆ ಗಂಟೆ ಕಳೆದರೆ ಗಾಳ ಹಾಕಲು ಉಳಿಯುವುದೆಷ್ಟು ಎಂಬುದನ್ನು ಬಾಡಿಗೆ ಒಪ್ಪುವ ಮುನ್ನ ಲೆಕ್ಕ ಹಾಕಬೇಕು. ಎಂಟು ಗಂಟೆಯ ಬಾಡಿಗೆ ಎಂದರೆ ಎಂಟು ಗಂಟೆಯ ಗಾಳ ಎಂದರ್ಥವಲ್ಲ.

ಸಣ್ಣ ಫೈಬರ್ ದೋಣಿಯಲ್ಲಿ ತಾಂಡೇಲ ಮತ್ತು ಆತನ ಕೈಯಾಳಾದ ಕಲಾಸಿಯನ್ನು ಬಿಟ್ಟು ನಾಲ್ವರಿಗಿಂತ ಹೆಚ್ಚು ಮಂದಿ ಗಾಳ ಬೀಸುವುದು ಕಷ್ಟ. ತಲೆಗೆ ಬೀಳುವ ಖರ್ಚು ಕಡಿಮೆಯಾಗಲೆಂದು ಎಂಟು ಜನರನ್ನು ತುಂಬಿಕೊಂಡರೆ ನೂಲಿಗೆ ನೂಲು ಸಿಕ್ಕಿಕೊಳ್ಳುವುದಷ್ಟೇ ಅಲ್ಲ, ಬೀಸುವವರ ಕೊಕ್ಕೆ ಪಕ್ಕದವರ ಕಿವಿಗೂ ಸಿಕ್ಕಿಕೊಳ್ಳುತ್ತದೆ. ಹೆಂಗಸರು, ಮಕ್ಕಳು ಜೊತೆಗಿದ್ದರೆ ಶೌಚದ ವ್ಯವಸ್ಥೆಯನ್ನು ಸಂಕೋಚಪಡದೆ ಮೊದಲೇ ಕೇಳಿ. ಬಹುತೇಕ ದೋಣಿಗಳಲ್ಲಿ ಅದು ಇರುವುದೇ ಇಲ್ಲ.

ಸಾಧ್ಯವಾದರೆ ಹಿಂದಿನ ಸಂಜೆಯೇ ಬಂದರಿಗೆ ಹೋಗಿ ದೋಣಿಯನ್ನು ಕಣ್ಣಾರೆ ನೋಡಬೇಕು. ಮೈಮೇಲೆ ಐಎನ್‌ಡಿ ಕೆಎ ಎಂದು ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಮೀನುಗಾರಿಕೆಗೆಂದು ನೋಂದಣಿಯಾದ ಮಾತ್ರಕ್ಕೆ ಆ ದೋಣಿಗೆ ಹಣ ಪಡೆದು ಜನರನ್ನು ಕರೆದೊಯ್ಯುವ ಪರವಾನಗಿ ಇದೆಯೆಂದಾಗುವುದಿಲ್ಲ. ಅವಘಡವಾದಾಗ ವಿಮೆಯ ಪ್ರಶ್ನೆ ಏಳುವುದು ಇಲ್ಲಿಯೇ. ಪ್ರವಾಸಿಗಳನ್ನು ಒಯ್ಯಲು ಅನುಮತಿ ಇದೆಯೇ, ವಿಮೆ ಯಾರಿಗೆಲ್ಲ ಅನ್ವಯಿಸುತ್ತದೆ ಎಂದು ನೇರವಾಗಿ ಕೇಳಿ, ಕಾಗದ ತೋರಿಸಲು ಹೇಳಿ. ಆನಂತರ ಲೈಫ್ ಜಾಕೆಟ್‌ಗಳನ್ನು ಎಣಿಸಿ. ಒಮ್ಮೆ ನಾನು ಹತ್ತಿದ ದೋಣಿಯಲ್ಲಿ ಜಾಕೆಟ್‌ಗಳು ಇದ್ದವು ನಿಜ, ಆದರೆ ಬಲೆಯ ರಾಶಿಯ ಅಡಿಯಲ್ಲಿ, ಹಗ್ಗ ಬಿಗಿದ ಒಂದು ಮೂಟೆಯಾಗಿ; ಬಿಚ್ಚಿ ನೋಡಿದರೆ ಅರ್ಧಕ್ಕೆ ಪಟ್ಟಿಯೇ ಇರಲಿಲ್ಲ. ಅಂದಿನಿಂದ ಪ್ರತಿಯೊಂದನ್ನೂ ತೊಟ್ಟು, ಕೊಂಡಿ ಹಾಕಿ ನೋಡುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ದಂಡೆಯಿಂದ ಕೆಲವು ಮೈಲಿ ಹೋದೊಡನೆ ಮೊಬೈಲ್ ಸಿಗ್ನಲ್ ಕೈಕೊಡುವುದರಿಂದ ವಿಎಚ್‌ಎಫ್ ರೇಡಿಯೊ ಇರಲೇಬೇಕು. ಅಪಾಯದ ಕರೆಗೆ ಬಳಸುವುದು ಚಾನೆಲ್ 16. ಜಿಪಿಎಸ್, ನೀರು ಎತ್ತುವ ಪಂಪು, ಬೆಂಕಿ ಆರಿಸುವ ಸಿಲಿಂಡರ್, ಲಂಗರು ಮತ್ತು ಸಾಕಷ್ಟು ಹಗ್ಗ, ಎರಡನೆಯ ಎಂಜಿನ್ ಅಥವಾ ಕನಿಷ್ಠ ಹುಟ್ಟು ಇವೆಯೇ ಎಂದೂ ನೋಡಿ. ಎಂಜಿನ್ ಕೆಟ್ಟರೆ ಯಾರನ್ನು ಕರೆಯುತ್ತೀರಿ ಎಂಬ ಪ್ರಶ್ನೆಗೆ ಒಳ್ಳೆಯ ತಾಂಡೇಲ ತಡವರಿಸದೆ ಇನ್ನೊಂದು ದೋಣಿಯ ಹೆಸರು ಹೇಳುತ್ತಾನೆ.

ದೊಡ್ಡ ದೋಣಿಗಿಂತ ಒಳ್ಳೆಯ ತಾಂಡೇಲ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಲೆಯ ಮೀನುಗಾರಿಕೆಯಲ್ಲಿ ಪಳಗಿದವರೆಲ್ಲರೂ ಗಾಳದವರನ್ನು ಕರೆದೊಯ್ಯಲು ತಕ್ಕವರೆಂದು ಹೇಳಲಾಗದು. ಬಲೆಯವರು ಮೀನಿನ ಹಿಂಡನ್ನು ಸುತ್ತುವರಿಯುತ್ತಾರೆ. ಗಾಳದವರಿಗೆ ಬೇಕಾದದ್ದು ಗಾಳಿ ಮತ್ತು ಸೆಳೆತವನ್ನು ನೋಡಿ, ಎಂಜಿನ್ ಆರಿಸಿ, ದೋಣಿ ತಾನಾಗಿಯೇ ತೇಲುತ್ತಾ ಕಲ್ಲಿನ ಮೇಲೆ ಹಾಯುವಂತೆ ಬಿಡುವ ಕಲೆ. ಹಿಂದೆ ಗಾಳದವರನ್ನು ಕರೆದೊಯ್ದ ಅನುಭವವಿದೆಯೇ, ಟ್ರೋಲಿಂಗ್, ಅಂದರೆ ಓಡುವ ದೋಣಿಯ ಹಿಂದೆ ಗಾಳ ಎಳೆದೊಯ್ಯುವುದನ್ನು, ಮಾಡುವಾಗ ಯಾವ ವೇಗದಲ್ಲಿ ಓಡಿಸುತ್ತೀರಿ, ಕಳೆದ ವಾರ ಏನು ಸಿಕ್ಕಿತು ಎಂದು ಕೇಳಿ. ಕಳೆದ ವಾರ ಏನೂ ಸಿಗಲಿಲ್ಲ ಎಂದು ಹೇಳುವವನನ್ನು ನಾನು ಹೆಚ್ಚು ನಂಬುತ್ತೇನೆ.

ಹಣದ ಮಾತು

ಬಾಡಿಗೆಯ ಬಹುಪಾಲು ಹೋಗುವುದು ಡೀಸೆಲ್ಲಿಗೆ ಅಥವಾ ಸೀಮೆಎಣ್ಣೆಗೆ. ಆದ್ದರಿಂದ ಹೇಳಿದ ಮೊತ್ತದಲ್ಲಿ ಇಂಧನ ಸೇರಿದೆಯೇ, ಎಷ್ಟು ದೂರದವರೆಗೆ, ಎಷ್ಟು ಗಂಟೆಯವರೆಗೆ, ಮಂಜುಗಡ್ಡೆ ಮತ್ತು ಊಟ ಯಾರದು, ಗಾಳ ಕಡಿದುಹೋದರೆ ನಷ್ಟ ಯಾರಿಗೆ, ಸಿಕ್ಕ ಮೀನು ಯಾರಿಗೆ ಎಂಬ ಎಲ್ಲವನ್ನೂ ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಮೀನಿನ ಪಾಲಿನ ವಿಷಯ ಸಣ್ಣದಾಗಿ ಕಂಡರೂ, ಹತ್ತು ಕಿಲೋದ ಅಂಜಲ್ ದೋಣಿಯೊಳಗೆ ಬಿದ್ದ ಮೇಲೆ ಅದು ಸಣ್ಣದಾಗಿ ಉಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಹವಾಮಾನದ ಷರತ್ತು: ಕಡಲು ಕೆಟ್ಟು ಪ್ರವಾಸ ರದ್ದಾದರೆ ಮುಂಗಡ ಹಣ ಮರಳುತ್ತದೆಯೇ, ಇಲ್ಲವೇ ಬೇರೆ ದಿನಕ್ಕೆ ಹೊಂದಿಸುತ್ತಾರೆಯೇ? ಹೋಗುವುದು ಬೇಡವೆಂದು ಹೇಳುವ ಕೊನೆಯ ಅಧಿಕಾರ ತಾಂಡೇಲನದೇ ಎಂದು ಮೊದಲೇ ಒಪ್ಪಿಕೊಳ್ಳಿ. ಬೆಂಗಳೂರಿನಿಂದ ರಾತ್ರಿಯಿಡೀ ಬಂದಿದ್ದೇವೆ ಎಂಬ ಒತ್ತಾಯಕ್ಕೆ ಆತ ಮಣಿಯುವಂತಾಗಬಾರದು. ಈ ಕಾರಣಕ್ಕಾಗಿಯೇ ಒಂದು ದಿನದ ಗಾಳಕ್ಕೆ ಎರಡು ದಿನದ ಬಿಡುವು ಇಟ್ಟುಕೊಂಡು ಬರಬೇಕು.

ಗಾಳ, ನೂಲು, ಮೈ

ಸಲಕರಣೆಯ ಬಗ್ಗೆ ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಮೊದಲ ಪ್ರವಾಸಕ್ಕೆ ದೋಣಿಯವರ ಬಳಿ ಇರುವುದನ್ನೇ ಬಳಸುವುದು ಸಾಕು. ಸ್ವಂತದ್ದನ್ನು ತರುವವರು ಎರಡು ಸಂಗತಿ ನೆನಪಿಡಬೇಕು. ಅಂಜಲ್‌ನ ಹಲ್ಲು ಕತ್ತರಿಯಂತಿರುವುದರಿಂದ ಗಾಳದ ಬುಡಕ್ಕೆ ತಂತಿಯ ತುಂಡು ಬೇಕು, ಇಲ್ಲವಾದರೆ ಮೀನಿನ ಜೊತೆಗೆ ದುಬಾರಿ ಕೃತಕ ಮೀನೂ ಹೋಗುತ್ತದೆ. ಮುರು ಮೀನು ಕಚ್ಚಿದೊಡನೆ ಕಲ್ಲಿನ ಬಿಲಕ್ಕೆ ನುಗ್ಗುವುದರಿಂದ ಮೊದಲ ಕೆಲವು ಕ್ಷಣಗಳಲ್ಲೇ ಅದನ್ನು ಮೇಲಕ್ಕೆಳೆಯುವಷ್ಟು ಗಟ್ಟಿಯಾದ ನೂಲು ಬೇಕು. ನದಿಯಲ್ಲಿ ಬಳಸುವ ರೀಲನ್ನೇ ತಂದು ಉಪ್ಪುನೀರಿನಲ್ಲಿ ಕೆಡಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಕಡಲ ಕಾಯಿಲೆ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಮೊದಲೇ ಹೇಳಲಾಗದು. ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳುವುದಾದರೆ ದೋಣಿ ಹತ್ತುವ ಮೊದಲೇ ತೆಗೆದುಕೊಳ್ಳಬೇಕು. ಹೊಟ್ಟೆ ತೊಳಸಲು ಆರಂಭವಾದ ಮೇಲೆ ನುಂಗಿದರೆ ಅದು ಒಳಗೆ ನಿಲ್ಲುವುದಿಲ್ಲ. ಹಿಂದಿನ ರಾತ್ರಿ ಮದ್ಯ ಬೇಡ, ಎಣ್ಣೆ ಪದಾರ್ಥವೂ ಬೇಡ. ಬೆಳಿಗ್ಗೆ ಎರಡು ಇಡ್ಲಿ ತಿಂದರೆ ಸಾಕು, ಬರಿಹೊಟ್ಟೆಯಲ್ಲಂತೂ ಹೋಗಬಾರದು. ಎಂಜಿನ್ ಹೊಗೆ ಬರುವ ಕಡೆ ಕುಳಿತುಕೊಳ್ಳದೆ, ಮೊಬೈಲ್ ನೋಡದೆ, ದೂರದ ದಿಗಂತವನ್ನು ನೋಡುತ್ತಿರಿ. ಉದ್ದ ತೋಳಿನ ಅಂಗಿ, ಕಟ್ಟಿಕೊಳ್ಳಬಹುದಾದ ಟೋಪಿ, ಪೋಲರೈಸ್ಡ್ ಕನ್ನಡಕ ಮತ್ತು ತಲೆಗೆ ಮೂರು ಲೀಟರಿನಂತೆ ಕುಡಿಯುವ ನೀರು ಇರಲಿ. ಆಧಾರ್ ಕಾರ್ಡಿನ ಮೂಲಪ್ರತಿಯನ್ನು ನೀರು ತಾಗದ ಚೀಲದಲ್ಲಿ ಇಟ್ಟುಕೊಳ್ಳಿ. 2008ರ ಮುಂಬಯಿ ದಾಳಿಯಲ್ಲಿ ಉಗ್ರರು ಮೀನುಗಾರಿಕಾ ದೋಣಿಯನ್ನು ವಶಪಡಿಸಿಕೊಂಡು ಬಂದ ಮೇಲೆ ಕಡಲಿನಲ್ಲಿ ಗುರುತಿನ ಚೀಟಿಯ ತಪಾಸಣೆ ಬಿಗಿಯಾಗಿದೆ.

ಹೊರಡುವ ಹಿಂದಿನ ಎರಡು ದಿನ

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರ, ಗಾಳಿ ಮತ್ತು ಉಬ್ಬುಗಡಲಿನ ಮುನ್ಸೂಚನೆಯನ್ನು ಪ್ರತಿದಿನ ಪ್ರಕಟಿಸುತ್ತದೆ. ಹವಾಮಾನ ಇಲಾಖೆ ಮೀನುಗಾರರಿಗೆಂದೇ ಪ್ರತ್ಯೇಕ ಎಚ್ಚರಿಕೆ ನೀಡುತ್ತದೆ. ಎರಡನ್ನೂ ಎರಡು ದಿನ ಮೊದಲು ಮತ್ತು ಹಿಂದಿನ ರಾತ್ರಿ ನೋಡಿ. ಕಡಲಿಗಿಳಿಯಬಾರದೆಂಬ ಎಚ್ಚರಿಕೆ ಇದ್ದರೆ ಅಲ್ಲಿಗೆ ಚರ್ಚೆ ಮುಗಿಯಿತು. ಎಚ್ಚರಿಕೆ ಇಲ್ಲದಿದ್ದರೂ, ಗಾಳಿ 15 ನಾಟ್, ಅಂದರೆ ಗಂಟೆಗೆ 28 ಕಿ.ಮೀ. ಮೀರುವ ಸೂಚನೆಯಿದ್ದರೆ ಸಣ್ಣ ದೋಣಿಯಲ್ಲಿ ಹೋಗುವುದನ್ನು ನಾನು ಬಿಡುತ್ತೇನೆ. ಇದೇ ಇನ್‌ಕಾಯಿಸ್ ಉಪಗ್ರಹದಿಂದ ತಿಳಿದ ನೀರಿನ ಉಷ್ಣತೆ ಮತ್ತು ಹಸಿರಿನ ಅಂಶವನ್ನು ನೋಡಿ ಮೀನು ಸಿಗಬಹುದಾದ ವಲಯಗಳನ್ನೂ ಸೂಚಿಸುತ್ತದೆ. ತಾಂಡೇಲನ ಕಲ್ಲಿನ ಲೆಕ್ಕದ ಜೊತೆಗಿಟ್ಟು ನೋಡಲು ಅದು ಉಪಯುಕ್ತ. ದೋಣಿಯ ಸಂಖ್ಯೆ, ತಾಂಡೇಲನ ಫೋನ್, ಮರಳುವ ಹೊತ್ತು ಇಷ್ಟನ್ನು ದಂಡೆಯಲ್ಲಿರುವ ಒಬ್ಬರಿಗೆ ಕೊಟ್ಟು, ಹೇಳಿದ ಹೊತ್ತಿಗೆ ಬಾರದಿದ್ದರೆ ಕರಾವಳಿ ರಕ್ಷಣಾ ಪಡೆಯ 1554 ಅಥವಾ ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗೆ ಕರೆ ಮಾಡುವಂತೆ ತಿಳಿಸಿ.

ಮೀನು ಸಿಕ್ಕ ಮೇಲೆ

ಕೆಲವು ಕಡಲಜೀವಿಗಳನ್ನು ದೋಣಿಗೆ ಎತ್ತಲೇಬಾರದು. ತಿಮಿಂಗಿಲ ಶಾರ್ಕ್, ಗರಗಸ ಮೀನು, ದೈತ್ಯ ಮುರು, ಕಡಲಾಮೆ ಇವಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಗಾಳಕ್ಕೆ ಬಿದ್ದರೆ ನೀರಿನಲ್ಲಿರುವಾಗಲೇ ನೂಲು ಕತ್ತರಿಸಿ ಬಿಡಬೇಕು, ಫೋಟೊಗಾಗಿ ಮೇಲಕ್ಕೆತ್ತುವ ಆಸೆ ಬೇಡ. ಯಾವುದೆಂದು ಗುರುತು ಹತ್ತದ ಶಾರ್ಕ್ ಮತ್ತು ತೊರಕೆಗಳ ವಿಷಯದಲ್ಲೂ ಹೀಗೆಯೇ ಮಾಡುವುದು ಕ್ಷೇಮ. ಎಳೆಯ ಮೀನುಗಳನ್ನು ಬಿಟ್ಟುಬಿಡಿ. ಮುರು ಮೀನು ಬೆಳೆಯುವುದು ನಿಧಾನ, ಮತ್ತು ಅದರ ಅನೇಕ ಜಾತಿಗಳಲ್ಲಿ ಹೆಣ್ಣಾಗಿ ಬೆಳೆದದ್ದು ದೊಡ್ಡದಾದ ಮೇಲೆ ಗಂಡಾಗಿ ಬದಲಾಗುತ್ತದೆ. ಒಂದು ಕಲ್ಲಿನ ದೊಡ್ಡ ಮೀನುಗಳನ್ನೆಲ್ಲ ಹಿಡಿದರೆ ಆ ಕಲ್ಲು ಹಲವು ವರ್ಷ ಬರಿದಾಗುತ್ತದೆ ಎಂದು ತಾಂಡೇಲರು ದೂರುವುದರ ಹಿಂದೆ ಇದೇ ಕಾರಣವಿದೆ. ಮನೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುವುದಾದರೆ ಮೊದಲೇ ನಿರ್ಧರಿಸಿ, ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಅಮುಕಿ, ಒದ್ದೆ ಕೈಯಲ್ಲಿ ಮೀನನ್ನು ಹಿಡಿಯಿರಿ.

ಇಟ್ಟುಕೊಂಡ ಮೀನಿನ ಕಿವಿರನ್ನು ಕೂಡಲೇ ಕತ್ತರಿಸಿ ರಕ್ತ ಹರಿಸಿ, ಪುಡಿ ಮಂಜುಗಡ್ಡೆಯಲ್ಲಿ ಹುದುಗಿಸಬೇಕು. ನಮ್ಮ ಸೆಕೆಗೆ ಮೀನಿನ ತೂಕದಷ್ಟೇ ಮಂಜುಗಡ್ಡೆ ಬೇಕು. ಕೇದರ್ (ಟ್ಯೂನಾ), ಬಂಗುಡೆಯಂತಹ ಕೆಂಪು ಮಾಂಸದ ಮೀನುಗಳನ್ನು ಬಿಸಿಲಿನಲ್ಲಿ ಬಿಟ್ಟರೆ ಅವುಗಳಲ್ಲಿ ಹಿಸ್ಟಮಿನ್ ಹೆಚ್ಚುತ್ತದೆ, ಅದು ಬೇಯಿಸಿದರೂ ಹೋಗುವುದಿಲ್ಲ. ಮೈಯೆಲ್ಲ ಕೆಂಪಾಗಿ ತುರಿಕೆ ಬರುವುದು ಇದರಿಂದಲೇ.

ದಂಡೆ ಸೇರಿದ ಮೇಲೆ ಕಲಾಸಿಗೆ ಕೊಡಬೇಕಾದದ್ದನ್ನು ಅವನ ಕೈಗೇ ಕೊಡಿ, ಬಾಡಿಗೆ ಪಡೆದ ಮಾಲೀಕರ ಮೂಲಕ ಬೇಡ. ರೀಲು, ಕೊಕ್ಕೆ, ಇಕ್ಕಳ ಇವನ್ನು ಉಳಿದುಕೊಂಡ ಕೋಣೆಯಲ್ಲೇ, ಅಂದೇ, ಸಿಹಿನೀರಿನಲ್ಲಿ ತೊಳೆದು ಒರೆಸಿ ಇಡಿ. ಮನೆಗೆ ಹೋಗಿ ತೊಳೆದರಾಯಿತು ಎಂದುಕೊಂಡರೆ, ಶಿರಾಡಿ ಘಾಟಿ ಹತ್ತುವ ಹೊತ್ತಿಗೇ ಉಪ್ಪು ತನ್ನ ಕೆಲಸ ಆರಂಭಿಸಿರುತ್ತದೆ.